ತೊಂಬತ್ತೇಳು ಡಿಗ್ರಿಯ ನಕ್ಷೆ

ಭಾನುವಾರ ಬೆಳಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ನಲವತ್ತು ಮಂದಿ ಯೋಧರು ಕೋಟೆಗೋಡೆಯ ಮೇಲೆ ಸಾಲಾಗಿ ನಿಂತು ಅಪ್ಪಣೆಗಾಗಿ ಕಾಯುತ್ತಿದ್ದಾಗ, ಸೇನಾಧಿಪತಿ ರಣಭೀಮನ ಬಲತೊಡೆ ಚುರ್ರೆಂದಿತು.

"ಅಯ್ಯಯ್ಯೋ!" ಎಂದು ಸೇನಾಧಿಪತಿ ಮಂಚದಿಂದ ನೆಗೆದ. ದಿಂಬಿನ ಮೇಲಿಂದ ಜಾರಿ ಅವನ ತೊಡೆಗೆ ತಾಗಿದ್ದ ಲ್ಯಾಪ್‌ಟಾಪು, ಓಡಿ ಬಂದ ಎತ್ತಿನ ಹಾಗೆ ಒಮ್ಮೆ ಬುಸುಗುಟ್ಟಿತು. ಪರದೆಯ ಮೇಲಿನ ಕೋಟೆ ಮೂರು ಸಲ ನಡುಗಿತು. ಆಮೇಲೆ ಕೋಟೆಯೂ ಇಲ್ಲ, ನಲವತ್ತು ಜನರೂ ಇಲ್ಲ. ಕಪ್ಪು ಪರದೆಯಲ್ಲಿ ಬನಿಯನ್ನು ಹಾಕಿಕೊಂಡ ಒಬ್ಬ ಬಡಕಲು ಮನುಷ್ಯನ ಮುಖ ಮಾತ್ರ ಕಂಡಿತು.

ರಣಭೀಮ ಎಂಬುದು ಆಟದೊಳಗಿನ ಹೆಸರು. ಆಟದ ಹೊರಗೆ ಅವನು ಕಟ್ಟಡ ಪರವಾನಗಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಎಂದು. ಆ ಹೆಸರು ಬಂದದ್ದು ಮೈಕಟ್ಟಿನಿಂದಲ್ಲ. ಅವನ ಕುರ್ಚಿಯನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗುತ್ತಿದ್ದರು. ಅವನು ಅತ್ತಿತ್ತ ನೋಡಿ, ಕಿಟಕಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದ. ಹದಿನೇಳು ವರ್ಷದ ನೌಕರಿಯಲ್ಲಿ ಅವನ ಮಾತಿಗೆ ಒಬ್ಬ ಜವಾನನೂ ತಲೆ ಎತ್ತಿ ನೋಡಿದ್ದಿಲ್ಲ. ಆಟದಲ್ಲಿ ಮಾತ್ರ, ಮುಖ ಕಾಣದ, ಊರು ಗೊತ್ತಿಲ್ಲದ ನಲವತ್ತು ಜನ ಅವನು "ಬಾಣ ಹೂಡಿ" ಎಂದು ಬರೆದರೆ ಹೂಡುತ್ತಿದ್ದರು, "ಇಳಿಸಿ" ಎಂದರೆ ಇಳಿಸುತ್ತಿದ್ದರು. ಒಮ್ಮೆ ಅವನಿಗೆ ಸೀನು ಬಂದು ಬೇರೆ ಗುಂಡಿ ಒತ್ತಿಹೋದಾಗ ನಲವತ್ತು ಜನವೂ ಹಿಂದೆಮುಂದೆ ನೋಡದೆ ಕಂದಕಕ್ಕೆ ಹಾರಿದ್ದರು. ಅಷ್ಟು ನಿಷ್ಠೆ.

ಬೆಳಗಿನದು ಬರೀ ಅಭ್ಯಾಸ; ಆ ದಿನ ಸಂಜೆ ಐದಕ್ಕೆ ಅಂತಿಮ ಪಂದ್ಯ. ಎದುರು ಪಡೆ ಕೋಟೆಗೆ ಲಗ್ಗೆ ಹಾಕುತ್ತದೆ. ಇವರು ಅರ್ಧ ಗಂಟೆ ಕೋಟೆಯನ್ನು ಕಾಪಾಡಿಕೊಂಡರೆ ಗೆದ್ದಂತೆ. ಗೆದ್ದರೆ ಬಹುಮಾನವೇನೂ ಇಲ್ಲ. ಸೇನಾಧಿಪತಿಯ ಶಿರಸ್ತ್ರಾಣಕ್ಕೆ ಒಂದು ಕೆಂಪು ಗರಿ ಬರುತ್ತದೆ, ಅಷ್ಟೆ. ಆದರೆ ಆ ಗರಿಗಾಗಿ ಗುಬ್ಬಿ ನಾಲ್ಕು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ.

ಇದ್ಯಾವುದೂ ಅವನ ಹೆಂಡತಿಗೆ ಗೊತ್ತಿರಲಿಲ್ಲ. "ದೊಡ್ಡ ದೊಡ್ಡ ಕಟ್ಟಡಗಳ ನಕ್ಷೆ ನೋಡ್ಬೇಕು. ಸಾಧಾರಣ ಲ್ಯಾಪ್‌ಟಾಪು ತಡಿಯಲ್ಲ" ಎಂದು ಹೇಳಿ ಆರು ತಿಂಗಳ ಹಿಂದೆ ಅದನ್ನು ಮನೆಗೆ ತಂದಿದ್ದ. ಕೀಲಿಗಳ ಸಂದಿನಿಂದ ಬಣ್ಣಬಣ್ಣದ ಬೆಳಕು ಹೊಮ್ಮುವುದನ್ನು ಕಂಡು ಅವಳು "ಇದೇನ್ರೀ?" ಎಂದು ಕೇಳಿದ್ದಳು. "ಕೆಂಪು ಅಂದ್ರೆ ನಕ್ಷೆ ತಿರಸ್ಕಾರ. ಹಸಿರು ಅಂದ್ರೆ ಮಂಜೂರು" ಎಂದಿದ್ದ.

"ನೀಲಿ?"

"ಪರಿಶೀಲನೆಯಲ್ಲಿದೆ."

ಅವಳು ನಂಬಿದ್ದಳು. ಉಳಿದ ತೊಂದರೆ ಸದ್ದಿನದು. ಆಟ ಕಾವೇರಿದ ಹಾಗೆ ಒಳಗಿನ ಫ್ಯಾನು ಮಿಕ್ಸಿಯಂತೆ ಕೂಗುತ್ತಿತ್ತು. ನಕ್ಷೆ ನೋಡುವುದಕ್ಕೆ ಇಷ್ಟು ಸದ್ದೇಕೆ ಎಂದು ಅವಳು ಕೇಳುವ ಮೊದಲೇ ಗುಬ್ಬಿ ಲ್ಯಾಪ್‌ಟಾಪಿನ ಕೆಳಗೊಂದು ದಿಂಬು, ಅಕ್ಕಪಕ್ಕಕ್ಕೆ ಒಂದೊಂದು ದಿಂಬು ಇಟ್ಟ. ಸದ್ದು ಅಡಗಿತು. ಬಿಸಿಗಾಳಿಯೂ ಅಲ್ಲೇ ಅಡಗಿಕೊಂಡಿತು. ಆರು ತಿಂಗಳು ಹೀಗೆ ಹೊದ್ದು ಮಲಗಿದ ಯಂತ್ರ ಇಂದು, ಇದ್ದಬದ್ದ ದಿನಗಳನ್ನೆಲ್ಲ ಬಿಟ್ಟು ಇಂದು, ಕೈಕೊಟ್ಟಿತ್ತು.

ಕಿರುಚಾಟ ಕೇಳಿ ಹೆಂಡತಿ ಓಡಿ ಬಂದಳು. "ಏನಾಯ್ತ್ರೀ?"

"ಏನಿಲ್ಲ. ನಕ್ಷೆ... ಸ್ವಲ್ಪ ಬಿಸಿಯಾಯ್ತು."

ಅವಳು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ಥಟ್ಟನೆ ಎಳೆದುಕೊಂಡಳು. "ಅಯ್ಯೋ, ಇದರ ಮೇಲೆ ಹಾಲಿಟ್ರೆ ಉಕ್ಕಿ ಬರುತ್ತೆ! ಭಾನುವಾರವೂ ಬಿಡಲ್ವಾ ಆ ಆಫೀಸಿನವರು? ನಿಮ್ಮನ್ನ ಹೀಗೆ ಸುಟ್ಟು ಹಾಕ್ತಿದ್ದಾರಲ್ಲ!" ಎಂದವಳ ಕಣ್ಣಲ್ಲಿ ನೀರಾಡಿತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ಗಂಡನನ್ನು ಇಷ್ಟು ಮರುಕದಿಂದ ನೋಡಿದ್ದು ಅದೇ ಮೊದಲು. ಗುಬ್ಬಿಗೆ ನಿಜ ಹೇಳಿಬಿಡೋಣ ಎನಿಸಿತು. ಆದರೆ ಅಷ್ಟರಲ್ಲಿ ಅವಳು ಕಿಟಕಿ ತೆರೆದು ಪಕ್ಕದ ಮನೆಗೆ ಕೂಗಿ ಆಗಿತ್ತು: "ಅಜ್ಜಾ, ಸ್ವಲ್ಪ ಬರ್ತೀರಾ? ಇವರ ಯಂತ್ರ ಕಾದುಬಿಟ್ಟಿದೆ!"

ಪಕ್ಕದ ಮನೆಯವರು ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡಿ ನಿವೃತ್ತರಾದವರು. ಬೀದಿಯವರೆಲ್ಲರ ಬಾಯಲ್ಲಿ ಬಾಯ್ಲರ್ ಅಜ್ಜ. ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿದ್ದರೂ, ಯಾರ ಮನೆಯ ಕುಕ್ಕರು ಕೂಗಿದರೂ ಕಿವಿ ನಿಮಿರಿಸುತ್ತಿದ್ದರು. ಅವರು ಕನ್ನಡಕ ಏರಿಸಿ, ಕೈಯಲ್ಲೊಂದು ಸ್ಕ್ರೂಡ್ರೈವರ್ ಹಿಡಿದೇ ಬಂದರು.

"ಸೇಫ್ಟಿ ವಾಲ್ವು ಕೊನೇ ಸಲ ಯಾವಾಗ ಟೆಸ್ಟ್ ಮಾಡ್ಸಿದ್ದೆ?"

"ಅಜ್ಜಾ, ಇದು ಲ್ಯಾಪ್‌ಟಾಪು."

"ಗೊತ್ತಪ್ಪ. ಸಣ್ಣ ಬಾಯ್ಲರು." ಅಜ್ಜ ಯಂತ್ರವನ್ನು ಮಗುಚಿ ನೋಡಿದರು. "ಒಳಗೆ ಶಾಖ ಹುಟ್ಟುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ಇದನ್ನ ದಿಂಬಿನ ಮೇಲೆ ಯಾಕಯ್ಯ ಇಟ್ಟಿದ್ದೆ?"

ಅಜ್ಜ ಮೊದಲನೇ ನಿಮಿಷದಲ್ಲೇ ರೋಗ ಹಿಡಿದಿದ್ದರು. ಗುಬ್ಬಿ ಹೌದೆಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ದಿಂಬಾ? ಅದು ಸುಮ್ನೆ... ಅಲ್ಲಿತ್ತು" ಎಂದ. ಅಜ್ಜನೂ ಆ ಮಾತನ್ನು ಅಲ್ಲಿಗೇ ಬಿಟ್ಟು, ಹಿಂದೆ ಯಾವುದೋ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಮುಚ್ಚಳ ಹಾರಿ ಮ್ಯಾನೇಜರರ ಕಾರಿನ ಮೇಲೆ ಬಿದ್ದ ಕತೆ ಶುರುಮಾಡಿದರು.

ಮುಚ್ಚಳ ಇನ್ನೂ ಗಾಳಿಯಲ್ಲಿರುವಾಗಲೇ ಎದುರುಮನೆಯ ನರ್ಸಕ್ಕ ಬಂದಳು. ಆಸ್ಪತ್ರೆಯಲ್ಲಿ ಮೂವತ್ತು ಹಾಸಿಗೆ ನೋಡಿಕೊಳ್ಳುವ ಆಕೆಗೆ ರಜೆಯ ದಿನ ರೋಗಿಗಳಿಲ್ಲದೆ ಬೇಸರವಾಗುತ್ತಿತ್ತು. ಅಜ್ಜನನ್ನು ಪಕ್ಕಕ್ಕೆ ಸರಿಸಿ, ಅಂಗೈಯನ್ನು ಲ್ಯಾಪ್‌ಟಾಪಿನ ಹಣೆಯ ಮೇಲಿಟ್ಟಳು.

"ಎಷ್ಟು ದಿನದಿಂದ ಹೀಗೆ? ಯಾವಾಗ ಜಾಸ್ತಿಯಾಗುತ್ತೆ? ಎದ್ದ ಕೂಡ್ಲೆನಾ, ಕೆಲಸ ಮಾಡುವಾಗಲಾ?"

"ಕೆಲಸ ಮಾಡುವಾಗ."

"ಹಾಗಾದ್ರೆ ನಮ್ಮ ಮುಂದೇನೇ ಕೆಲಸ ಮಾಡಿಸು, ನೋಡೋಣ. ಆ ನಕ್ಷೆ ತೆಗಿ."

ಗುಬ್ಬಿ ಪರದೆಯನ್ನು ಅರ್ಧ ಮಡಚಿದ. "ಅದು... ಗೋಪ್ಯ ನಕ್ಷೆ ಅಕ್ಕಾ. ಹೊರಗಿನವರು ನೋಡೋ ಹಾಗಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಬ್ಬಿಗೆ ಗೋಪ್ಯ ಕೆಲಸ ಕೊಡುವಷ್ಟು ಸರ್ಕಾರ ನಂಬಿದೆ ಎಂಬುದು ಬೀದಿಗೇ ಹೊಸ ಸುದ್ದಿ. ಕೊನೆಗೆ ಒಪ್ಪಂದವಾಯಿತು: ಪರದೆ ಗೋಡೆಯ ಕಡೆಗೆ, ಗುಬ್ಬಿ ಪರದೆಯ ಕಡೆಗೆ, ಉಳಿದ ಮೂವರು ಮೇಜಿನ ಈ ಕಡೆಯಿಂದ ಗುಬ್ಬಿಯ ಮುಖ ನೋಡುತ್ತ ಕೂರುವುದು. ಅವನು ಸದ್ದು ಮುಚ್ಚಿ ಆಟ ತೆರೆದ. ಮೂಲೆಯಲ್ಲಿ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಬಿಸಿ ತೋರಿಸುವ ಅಂಕಿ ಏರತೊಡಗಿತು. ಎಪ್ಪತ್ತು. ಎಂಬತ್ತೈದು. ಫ್ಯಾನು ಕೂಗಿತು. ಮೇಜು ನಡುಗಿತು.

"ಈಗ ಎಷ್ಟು?" ಎಂದಳು ನರ್ಸಕ್ಕ.

"ತೊಂಬತ್ತೇಳು."

"ಅಷ್ಟೇನಾ? ತೊಂಬತ್ತೇಳು ಅಂದ್ರೆ ಜ್ವರವೇ ಇಲ್ಲ!"

"ಅಕ್ಕಾ, ಇದು ಸೆಲ್ಸಿಯಸ್ಸು."

ನರ್ಸಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಹಾಗಾದ್ರೆ ಇಷ್ಟೊತ್ತಿಗೆ ಸತ್ತಿರಬೇಕಿತ್ತು" ಎಂದಳು. ಅವಳ ಮಾತು ಮುಗಿಯುವುದಕ್ಕೂ ಲ್ಯಾಪ್‌ಟಾಪು ಆರಿಹೋಗುವುದಕ್ಕೂ ಸರಿಹೋಯಿತು.

"ನೋಡಿದ್ರಾ!" ಎಂದು ಹೆಂಡತಿ ಎದ್ದಳು. "ಅಷ್ಟು ಭಾರದ ನಕ್ಷೆ! ಅದ್ಯಾವ ಕಟ್ಟಡ ರೀ?"

"ಕೋಟೆ" ಎಂದುಬಿಟ್ಟ ಗುಬ್ಬಿ. ಕೂಡಲೇ ನಾಲಿಗೆ ಕಚ್ಚಿಕೊಂಡು, "ಕೋಟೆಯಂಥ ಕಟ್ಟಡ" ಎಂದ.

"ಇರಲಿ, ನಾನು ಮಾತಾಡ್ತೀನಿ" ಎಂದು ಅವಳು ಫೋನು ಹಿಡಿದು ಅಡುಗೆಮನೆಗೆ ನಡೆದಳು. ಯಾರ ಹತ್ತಿರ ಮಾತಾಡುತ್ತಾಳೆ ಎಂದು ಕೇಳುವಷ್ಟು ಪುರುಸೊತ್ತು ಗುಬ್ಬಿಗಿರಲಿಲ್ಲ. ಏಕೆಂದರೆ ಚಿಕಿತ್ಸೆ ಶುರುವಾಗಿತ್ತು.

ನರ್ಸಕ್ಕ ಒದ್ದೆ ಬಟ್ಟೆ ಹಾಕಿದಳು. ಅಜ್ಜ ಒದ್ದೆ ಬಟ್ಟೆ ಕಿತ್ತೆಸೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಒಂದು ಕಿಂಡಿಯಿಂದ ಹೋದ ಗಾಳಿ ಇನ್ನೊಂದು ಕಿಂಡಿಯಿಂದ ಬೂದುಬಣ್ಣದ ಧೂಳಾಗಿ ಬಂದು ನೇರವಾಗಿ ಅವರ ಮೂಗಿಗೇ ಹೊಕ್ಕಿತು. ಅವರು ಹನ್ನೊಂದು ಸಲ ಸೀನಿ ಮುಗಿಸುವುದರೊಳಗೆ ನರ್ಸಕ್ಕ ಲ್ಯಾಪ್‌ಟಾಪನ್ನು ಫ್ರಿಜ್ಜಿನೊಳಗೆ, ಮೊಟ್ಟೆ ಮತ್ತು ಹೂಕೋಸಿನ ನಡುವೆ ಮಲಗಿಸಿ ಬಾಗಿಲು ಹಾಕಿದಳು. "ಇಪ್ಪತ್ತು ನಿಮಿಷ ಯಾರೂ ತೊಂದ್ರೆ ಕೊಡಬೇಡಿ" ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಗುಬ್ಬಿ ಕಾಲಿಗೆ ಬಿದ್ದ ಮೇಲೆ ಬಾಗಿಲು ತೆರೆಯಿತು. ಲ್ಯಾಪ್‌ಟಾಪು ತಣ್ಣಗಿತ್ತು, ಮೈಮೇಲೆಲ್ಲ ನೀರಿನ ಹನಿ.

"ಬೆವರಿದೆ. ಜ್ವರ ಇಳೀತು" ಎಂದಳು ನರ್ಸಕ್ಕ ಹೆಮ್ಮೆಯಿಂದ.

"ಇದಕ್ಕೆಲ್ಲ ಒಳಗೇ ಮದ್ದು ಬಳೀಬೇಕು" ಎಂದು ಅಜ್ಜ ಮನೆಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಟಾರಿನಂಥ ಕಪ್ಪು ಅಂಟು. "ಬಾಯ್ಲರ್ ಸಂದಿಗೆ ಹಚ್ಚೋದು. ಹಚ್ಚಿದ್ರೆ ಮತ್ತೆ ಬಿಚ್ಚೋ ಪ್ರಶ್ನೆಯೇ ಇಲ್ಲ" ಎಂದು ಸ್ಕ್ರೂಡ್ರೈವರನ್ನು ಲ್ಯಾಪ್‌ಟಾಪಿನ ಬೆನ್ನಿಗೆ ಊರಿದರು.

ಗುಬ್ಬಿ ತನ್ನ ಜೀವನದಲ್ಲಿ ಮೊದಲ ಬಾರಿಗೆ ಹಿರಿಯರೊಬ್ಬರ ಕೈಯಿಂದ ವಸ್ತುವೊಂದನ್ನು ಕಿತ್ತುಕೊಂಡ. ಟವೆಲಿನಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು, ಬನಿಯನ್ನಿನಲ್ಲೇ ಬೀದಿಗೆ ಓಡಿದ. ಹಿಂದೆ ಅಜ್ಜ ಡಬ್ಬಿಯೊಂದಿಗೆ, ಅವರ ಹಿಂದೆ ನರ್ಸಕ್ಕ, ಅವಳ ಹಿಂದೆ ಅಂಗಿ ಹಿಡಿದು "ರೀ, ಇದನ್ನಾದ್ರೂ ಹಾಕ್ಕೊಳ್ರೀ" ಎಂದು ಕೂಗುತ್ತ ಹೆಂಡತಿ. ನೋಡಿದವರು ಟವೆಲಿನಲ್ಲಿ ಮಗುವಿದೆ ಎಂದುಕೊಂಡು ದಾರಿ ಬಿಟ್ಟರು.

ಮುಖ್ಯರಸ್ತೆಯಲ್ಲಿ, ಎರಡು ಬೀಗ ಹಾಕಿದ ಅಂಗಡಿಗಳ ನಡುವೆ, ಭಾನುವಾರವೂ ತೆರೆದಿರುವ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿಯಾಕೆ ಮಾತು ಕಡಿಮೆ, ಕೈ ಜೋರು. ಹಣೆಗೆ ಒಂದು ಸಣ್ಣ ದೀಪ ಕಟ್ಟಿಕೊಂಡು, ಹತ್ತು ತಿರುಪು ಬಿಚ್ಚಿ, ಲ್ಯಾಪ್‌ಟಾಪಿನ ಬೆನ್ನು ತೆಗೆದಳು. ಒಳಗಿನ ನೀರಿನ ಹನಿಯನ್ನು ಬೆರಳಿನಿಂದ ಒರೆಸಿ ನೋಡಿದಳು.

"ಸಾರ್, ಇದನ್ನ ಫ್ರಿಜ್ಜಲ್ಲಿ ಇಟ್ಟಿದ್ರಾ?"

ನರ್ಸಕ್ಕ ರಸ್ತೆಯ ಕಡೆ ನೋಡಿದಳು.

"ಒದ್ದೆ ಆರೋವರೆಗೂ ಕರೆಂಟು ಕೊಡಬಾರ್ದು. ಕೊಟ್ಟಿದ್ರೆ ಬರೀ ಡಬ್ಬ ಉಳೀತಿತ್ತು." ಆಕೆ ಫ್ಯಾನಿನ ಸಂದಿಗೆ ಇಕ್ಕಳ ಹಾಕಿ ಬಿಳಿಯ ಏನನ್ನೋ ಎಳೆದಳು. ಅದು ಬಂತು, ಬಂತು, ಬರುತ್ತಲೇ ಇತ್ತು. ಮೇಜಿನ ಮೇಲೆ ಸಣ್ಣ ಬೆಕ್ಕಿನ ಮರಿಯಷ್ಟು ಹತ್ತಿಯ ಉಂಡೆಯಾಯಿತು. "ಇದರೊಳಗೆ ಅರ್ಧ ದಿಂಬಿದೆ ಸಾರ್."

"ದಿಂಬಾ?" ಎಂದಳು ಹೆಂಡತಿ.

ಗುಬ್ಬಿ ಬಾಯಿಗೆ ಬಂದದ್ದನ್ನು ಹೇಳಿದ: "ನಿನ್ನ ನಿದ್ದೆ ಕೆಡಬಾರದು ಅಂತ... ಸದ್ದಾಗದ ಹಾಗೆ..."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಗಡಿಯಾಕೆ ಹಣೆಯ ದೀಪವನ್ನು ಗುಬ್ಬಿಯ ಮುಖಕ್ಕೆ ಹಿಡಿದು ಒಂದು ಗಳಿಗೆ ನೋಡಿದಳು. ಆಮೇಲೆ ಕೆಲಸಕ್ಕೆ ತೊಡಗಿದಳು. ಧೂಳು ತೆಗೆದಳು. ಸುಣ್ಣದ ಹಾಗೆ ಒಣಗಿ ಬಿರುಕುಬಿಟ್ಟಿದ್ದ, ಶಾಖ ಸಾಗಿಸುವ ಹಳೆಯ ಪೇಸ್ಟನ್ನು ಕೆರೆದು, ಗ್ರಾಫಿಕ್ಸ್ ಚಿಪ್ಪಿನ ಮೇಲೆ ಅವರೆಕಾಳಿನಷ್ಟು ಹೊಸ ಪೇಸ್ಟು ಇಟ್ಟಳು. ಅಜ್ಜ ತಮ್ಮ ಡಬ್ಬಿಯನ್ನು ಮುಂದೆ ತಳ್ಳಿದರು. ಆಕೆ ಅದನ್ನು ಹಿಂದೆ ತಳ್ಳಿದಳು. ಪೂರ್ತಿ ಆರುವ ತನಕ ಕಾಯಿಸಿ, ತಿರುಪು ಬಿಗಿಯುವ ಹೊತ್ತಿಗೆ ಗಂಟೆ ನಾಲ್ಕು.

"ಈಗ ಜೋರಾಗಿ ಓಡ್ಸಿ ನೋಡ್ಬೇಕು. ಇದರಲ್ಲಿ ಏನು ಓಡ್ಸ್ತೀರಿ ಸಾರ್?"

"ನಕ್ಷೆ" ಎಂದ ಗುಬ್ಬಿ.

"ನಕ್ಷೆಗೆ ಈ ಕಾರ್ಡು ಕಣ್ಣೂ ಬಿಡಲ್ಲ ಸಾರ್. ನಿಜ ಹೇಳಿ, ಏನು ಓಡ್ಸ್ತೀರಿ?"

ಗುಬ್ಬಿ ಮೇಜಿನ ಮೇಲೆ ಬಾಗಿ, ಕಣ್ಣಲ್ಲೇ ಹೆಂಡತಿಯ ಕಡೆ ತೋರಿಸಿ, ಕೈ ಜೋಡಿಸಿದ. ಅಂಗಡಿಯಾಕೆ ಪರದೆಯ ಮೇಲಿದ್ದ ಕತ್ತಿ-ಗುರಾಣಿಯ ಚಿತ್ರವನ್ನು ನೋಡಿದಳು, ಅವನ ಬನಿಯನ್ನು ನೋಡಿದಳು. ತಾನೇ ಆಟ ತೆರೆದು, ಹತ್ತು ನಿಮಿಷ ಪರದೆಯನ್ನು ತನ್ನ ಕಡೆಗೇ ತಿರುಗಿಸಿಟ್ಟುಕೊಂಡಳು.

"ಎಪ್ಪತ್ತೊಂದರ ಮೇಲೆ ಹೋಗ್ತಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ನಿಮ್ಮವರ ನಕ್ಷೆ ಬಹಳ ಭಾರ ಅಮ್ಮಾ. ಇನ್ಮೇಲೆ ಗಟ್ಟಿ ಮೇಜಿನ ಮೇಲೆ ಇಟ್ಟು ನೋಡೋಕೆ ಹೇಳಿ."

ಗುಬ್ಬಿಗೆ ಆಕೆಯ ಪಾದಕ್ಕೆ ಬೀಳಬೇಕೆನಿಸಿತು. ಅಂಗಿ ತೊಟ್ಟು, ಲ್ಯಾಪ್‌ಟಾಪನ್ನು ಹೆಗಲಿಗೆ ಏರಿಸಿ, ಗೆದ್ದ ಕುಸ್ತಿಪಟುವಿನಂತೆ ಮನೆಗೆ ನಡೆದ. ನಾಲ್ಕೂ ಮುಕ್ಕಾಲು. ಕೋಣೆಯ ಬಾಗಿಲು ಹಾಕಿಕೊಂಡರೆ ಸಾಕು, ಕೆಂಪು ಗರಿ ಅವನದೇ.

ಮನೆಯ ಮೆಟ್ಟಿಲ ಮೇಲೆ ಅವನ ಕಚೇರಿಯ ಸೂಪರಿಂಟೆಂಡೆಂಟ್ ಸಾಹೇಬರು ಕೂತಿದ್ದರು.

ಗುಬ್ಬಿ ಲ್ಯಾಪ್‌ಟಾಪನ್ನು ಹೆಗಲಿನಿಂದ ಇಳಿಸಿದ. ಇಪ್ಪತ್ತಾರು ವರ್ಷ ಒಂದೇ ಮೇಜಿನ ಹಿಂದೆ ಕೂತ ಮನುಷ್ಯ ಅವರು. ಅವರ ಮೇಜಿಗೆ ಹೋದ ನಕ್ಷೆ ತಿರುಗಿ ಬರುವ ಹೊತ್ತಿಗೆ, ಆ ಮನೆಯಲ್ಲಿ ತೊಟ್ಟಿಲಿಗೆಂದು ಬರೆದ ಕೋಣೆಯಲ್ಲಿ ಮಲಗಬೇಕಾದ ಮಗು ಕಾಲೇಜು ಮುಗಿಸಿರುತ್ತಿತ್ತು.

"ಏನಯ್ಯ ಗುಬ್ಬಿ," ಎಂದರು ಸಾಹೇಬರು. "ನಿನ್ನ ಹೆಂಡತಿ ಫೋನ್ ಮಾಡಿ ಹತ್ತು ನಿಮಿಷ ಬೈದ್ರು. ನಾನು ನಿನಗೆ ಕೆಲಸ ಕೊಟ್ಟು ಕೊಟ್ಟು ಸುಡಿಸ್ತಿದ್ದೀನಂತೆ. ನಾನು ನಿನಗೆ ಕೆಲಸ ಕೊಟ್ಟಿದ್ದು ಯಾವಾಗಯ್ಯ?"

"ಹೋದ ವರ್ಷ ಸಾರ್. ಒಂದ್ಸಲ."

"ಮತ್ತೆ ಇದೇನು ಗೋಪ್ಯ ನಕ್ಷೆ? ನನಗೆ ಗೊತ್ತಿಲ್ಲದೆ, ಭಾನುವಾರ, ಮನೇಲಿ ಕೂತು, ನೀನು ಯಾರ ಕೋಟೆ ಮಂಜೂರು ಮಾಡ್ತಿದ್ದೀಯ? ತೆಗಿ. ಈಗಲೇ ತೆಗಿ. ಇಲ್ಲಾಂದ್ರೆ ನಾಳೆ ಬೆಳಗ್ಗೆ ನಿನ್ನ ಅಮಾನತಿನ ಕಾಗದ ಟೈಪಾಗುತ್ತೆ."

ಎಲ್ಲರೂ ಕೋಣೆಯಲ್ಲಿ ಸೇರಿದರು. ಗಂಟೆ ಐದಕ್ಕೆ ನಾಲ್ಕು ನಿಮಿಷ. ಒಂದು ಕಡೆ ನೌಕರಿ, ಒಂದು ಕಡೆ ಹೆಂಡತಿ, ಪರದೆಯ ಹಿಂದೆ ನಲವತ್ತು ಜನ. ಗುಬ್ಬಿ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಕೋಟೆ ಮೂಡಿತು.

"ಇದೇ ಸಾರ್. ಆಟ. ನಾನು ಆಟ ಆಡ್ತೀನಿ. ಆರು ತಿಂಗಳಿಂದ ಬರೀ ಆಟ."

"ಆಟವಾ?" ಎಂದಳು ಹೆಂಡತಿ, ತೀರಾ ಮೆಲ್ಲಗೆ. "ಕೆಂಪು ತಿರಸ್ಕಾರ, ಹಸಿರು ಮಂಜೂರು ಅಂದಿದ್ದು?" ಅವಳ ಆ ದನಿ ಕೇಳಿ ಬಾಯ್ಲರ್ ಅಜ್ಜ ತಮ್ಮ ಅನುಭವದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದರು.

ಆದರೆ ಸಾಹೇಬರು ಪರದೆಯನ್ನೇ ನೋಡುತ್ತಿದ್ದರು. "ಈ ಸಾಲಾಗಿ ನಿಂತಿರೋರು ಯಾರು?"

"ನನ್ನ ಪಡೆ ಸಾರ್. ನಲವತ್ತು ಜನ."

"ನಿನ್ನ ಕೈಕೆಳಗೆ? ನಲವತ್ತು ಜನ? ಭಾನುವಾರ, ಹೇಳಿದ ಹೊತ್ತಿಗೆ, ಒಬ್ಬನೂ ರಜೆ ಹಾಕದೆ?" ಸಾಹೇಬರು ದೀರ್ಘವಾಗಿ ಉಸಿರುಬಿಟ್ಟರು. ಆಮೇಲೆ, "ಏಳು" ಎಂದರು.

ಯಾಕೆಂದು ಕೇಳಬೇಕಿತ್ತು. ಆದರೆ ಸಾಹೇಬರು ಏಳು ಎಂದರೆ ಏಳುವುದು ಗುಬ್ಬಿಗೆ ಹದಿನೇಳು ವರ್ಷದ ರೂಢಿ. ಅವನು ಎದ್ದ. ಸಾಹೇಬರು ಕೂತರು. ಅಷ್ಟರಲ್ಲಿ ಕಹಳೆ ಮೊಳಗಿತು. ದೂರದಿಂದ ಮರದ ಗೋಪುರವೊಂದನ್ನು ತಳ್ಳಿಕೊಂಡು ಶತ್ರುಪಡೆ ಬರತೊಡಗಿತು.

"ಅದೇನು?"

"ಮುತ್ತಿಗೆ ಗೋಪುರ ಸಾರ್. ಗೋಡೆಗೆ ಆನಿಸಿ ಒಳಗೆ ಹಾರ್ತಾರೆ. ಸಾರ್, ದಯವಿಟ್ಟು ಬಿಡಿ, ಬಾಣ ಬಿಡಿಸ್ಬೇಕು."

"ಎಷ್ಟು ಅಂತಸ್ತು?"

"ಐದು ಸಾರ್!"

"ಐದು ಅಂತಸ್ತು, ಪಕ್ಕದ ಗೋಡೆಗೆ ಆನಿಸಿ? ಮಧ್ಯೆ ಜಾಗವೇ ಬಿಡದೆ?" ಸಾಹೇಬರ ಮುಖ ಕೆಂಪಾಯಿತು. "ಅವರಿಗೆ ಬರಿಯೋದು ಎಲ್ಲಿ?"

ಎರಡೂ ಪಡೆಗೆ ಕಾಣುವ ಸಂದೇಶದ ಜಾಗವನ್ನು ಗುಬ್ಬಿ ತೋರಿಸಿದ. ಸಾಹೇಬರು ಒಂದೊಂದೇ ಅಕ್ಷರ ಒತ್ತಿದರು:

"ವಿಷಯ: ಕೋಟೆಗೆ ತಾಗಿದಂತೆ ಅನಧಿಕೃತ ಗೋಪುರ ನಿರ್ಮಾಣದ ಕುರಿತು. ಗೋಡೆಗೂ ಗೋಪುರಕ್ಕೂ ನಡುವೆ ಹತ್ತು ಅಡಿ ಜಾಗ ಬಿಟ್ಟಿರುವುದಿಲ್ಲ. ನಿಯಮ ಹದಿನಾಲ್ಕರ ಉಲ್ಲಂಘನೆ. ವಿವರಣೆ ಕೊಡತಕ್ಕದ್ದು."

ಇನ್ನೇನು ಗೋಡೆಗೆ ತಾಗಲಿದ್ದ ಗೋಪುರ ನಿಂತಿತು. ಶತ್ರು ಸೇನಾಧಿಪತಿ ಕೇಳಿದ: "ಇದು ಫೈನಲ್‌ಗೆ ಹೊಸ ನಿಯಮವಾ? ನಮಗೆ ಯಾರೂ ಹೇಳಿಲ್ಲವಲ್ಲ?"

"ನಿಯಮ ತಿಳಿದಿಲ್ಲವೆಂಬುದು ಸಮಜಾಯಿಷಿಯಲ್ಲ" ಎಂದು ಸಾಹೇಬರು ಬರೆದರು.

ಆ ಕಡೆ ಗೊಂದಲ ಶುರುವಾಯಿತು. ಅಂತಿಮ ಪಂದ್ಯದಲ್ಲಿ ನಿಯಮ ಮುರಿದರೆ ಪಡೆಯನ್ನೇ ಹೊರಹಾಕುತ್ತಾರೆ ಎಂದು ಕೆಲವರು. ಇದೆಲ್ಲ ಮೋಸ, ನುಗ್ಗೋಣ ಎಂದು ಕೆಲವರು. ಕೊನೆಗೆ ಗೋಪುರವನ್ನು ಹತ್ತು ಅಡಿ ಹಿಂದಕ್ಕೆ ತಳ್ಳಿದರು. ಅಷ್ಟು ದೂರದಿಂದ ಹಾರಿದವರು ಒಬ್ಬೊಬ್ಬರಾಗಿ ಕಂದಕಕ್ಕೆ ಬಿದ್ದರು. ಉಳಿ‌ದವರು ಏಣಿ ತಂದರು.

"ಏಣಿಯು ತಾತ್ಕಾಲಿಕ ನಿರ್ಮಾಣವಾಗಿದ್ದು ಅದಕ್ಕೆ ಪ್ರತ್ಯೇಕ ಅರ್ಜಿ ಅವಶ್ಯ" ಎಂದರು ಸಾಹೇಬರು.

"ಅರ್ಜಿ ಎಲ್ಲಿ ಸಿಗುತ್ತೆ?"

"ನಾಲ್ಕನೇ ಕಿಟಕಿ."

ಶತ್ರುಪಡೆ ಏಣಿ ಹೊತ್ತು, ಕೋಟೆಯ ಸುತ್ತ ನಾಲ್ಕನೇ ಕಿಟಕಿ ಹುಡುಕುತ್ತ ಓಡಿತು. ಕೋಟೆಯ ಮೇಲಿದ್ದ ನಲವತ್ತು ಜನ "ಬಾಣ ಬಿಡೋಣವಾ ರಣಭೀಮ?" ಎಂದು ಕೇಳಿದರು. "ಯಾರೂ ಏನೂ ಮಾಡಕೂಡದು. ಕಡತ ಚಾಲನೆಯಲ್ಲಿದೆ" ಎಂದು ಸಾಹೇಬರು ಬರೆದರು. ನಲವತ್ತು ಜನರೂ ಬಹಳ ಶಿಸ್ತಿನಿಂದ ಏನೂ ಮಾಡಲಿಲ್ಲ. ಶತ್ರುಗಳು ಹೇಗೋ ನಾಲ್ಕನೇ ಕಿಟಕಿ ಹುಡುಕಿ, ಅದರ ಕೆಳಗೆ ಸಾಲುಗಟ್ಟಿ ನಿಂತರು. ಸಾಹೇಬರು ಕೈಗಡಿಯಾರ ನೋಡಿಕೊಂಡು, "ಊಟದ ವಿರಾಮ" ಎಂದು ಬರೆದು, ಕೈಕಟ್ಟಿ ಕೂತರು.

ಅರ್ಧ ಗಂಟೆ ಮುಗಿದ ಕಹಳೆ ಮೊಳಗಿತು. ಒಂದು ಬಾಣವೂ ಬಿಡದೆ, ಒಂದು ಕಲ್ಲೂ ಅಲುಗದೆ ಕೋಟೆ ಉಳಿದಿತ್ತು. ರಣಭೀಮನ ಶಿರಸ್ತ್ರಾಣದ ಮೇಲೆ ಕೆಂಪು ಗರಿ ಮೂಡಿತು. ಗ್ರಾಫಿಕ್ಸ್ ಕಾರ್ಡು ಅರುವತ್ತೊಂಬತ್ತನ್ನೂ ದಾಟಿರಲಿಲ್ಲ.

ಪರದೆಯ ತುಂಬ ನಲವತ್ತು ಜನರ ಕೂಗು. "ರಣಭೀಮ, ಇಂಥ ಯುದ್ಧ ನಾವು ಕಂಡಿರಲೇ ಇಲ್ಲ!" "ಇಷ್ಟು ದಿನ ಈ ಬುದ್ಧಿ ಎಲ್ಲಿಟ್ಟಿದ್ರಿ?" "ಸುಮ್ನೆ ಹೂಡಿ, ಇಳಿಸಿ ಅಂತ ನಮ್ಮನ್ನ ಸಾಯಿಸ್ತಿದ್ರಲ್ಲ!" "ಇನ್ಮೇಲೆ ಹೀಗೇ ಆಡ್ಬೇಕು. ಹಳೇ ಥರ ಆಡಿದ್ರೆ ನಾವೆಲ್ಲ ಪಡೆ ಬಿಟ್ಟು ಹೋಗ್ತೀವಿ, ಹೇಳಿದ್ದೀವಿ."

ಗುಬ್ಬಿ ಅದನ್ನು ಎರಡು ಸಲ ಓದಿದ. ಸಾಹೇಬರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಇಪ್ಪತ್ತಾರು ವರ್ಷ ನಕ್ಷೆ ತಡೆದೆ ಕಣಯ್ಯ," ಎಂದರು. "ಒಬ್ಬನೂ ಒಂದು ದಿನ ಚಪ್ಪಾಳೆ ಹೊಡೆದಿರಲಿಲ್ಲ."

ಅಜ್ಜ ಚಪ್ಪಾಳೆ ಹೊಡೆದರು. ನರ್ಸಕ್ಕನೂ ಹೊಡೆದಳು. ಇಷ್ಟು ಹೊತ್ತೂ ಉರಿಗಣ್ಣು ಬಿಟ್ಟುಕೊಂಡು ನಿಂತಿದ್ದ ಹೆಂಡತಿ, "ಸಾಹೇಬ್ರೇ, ಕಾಫಿ ತರ್ತೀನಿ ಇರಿ" ಎಂದು ಒಳಗೆ ಹೋದಳು; ಗಂಡನಿಗೆ ಬೇಕೇ ಎಂದು ಕೇಳಲಿಲ್ಲ.

"ಸಾರ್, ಆ ಅಮಾನತು..." ಎಂದ ಗುಬ್ಬಿ.

"ಯಾವ ಅಮಾನತು? ನೀನಿಲ್ದೆ ನಡೆಯುತ್ತೇನಯ್ಯ? ನಾಳೆಯಿಂದ ಸಂಜೆ ಆರಕ್ಕೆ ಬರ್ತೀನಿ. ಯಂತ್ರ ತಣ್ಣಗಿರಬೇಕು, ಮೇಜು ಒರೆಸಿರಬೇಕು. ಉಳಿದದ್ದು ಬಂದ ಮೇಲೆ ಹೇಳ್ತೀನಿ."

ಸೋಮವಾರ ಸಂಜೆ ಆರಕ್ಕೆ ಸಾಹೇಬರು ಬಂದು ಕೋಣೆಯ ಬಾಗಿಲು ಹಾಕಿಕೊಂಡರು. ಗುಬ್ಬಿಗೆ ಬಾಗಿಲ ಹೊರಗೆ ಒಂದು ಸ್ಟೂಲು ಕೊಟ್ಟಿದ್ದರು. ಒಳಗಿನಿಂದ ಆಗಾಗ ಕಹಳೆ ಕೇಳಿಸುತ್ತಿತ್ತು, ನಲವತ್ತು ಜನರ ಜಯಕಾರ ಕೇಳಿಸುತ್ತಿತ್ತು. ಏಳು ಗಂಟೆಗೆ ಹೆಂಡತಿ ಬಂದಳು.

"ಸ್ವಲ್ಪ ಪಕ್ಕಕ್ಕೆ ಸರೀರಿ, ಒಳಗೆ ಬೀರುವಿಂದ ನನ್ನ ಟವೆಲ್ ತಗೋಬೇಕು."

ಗುಬ್ಬಿ ಸ್ಟೂಲಿನಿಂದ ಎದ್ದು, ಅಂಗಿಯ ಗುಂಡಿ ಸರಿಮಾಡಿಕೊಂಡು, ಬಾಗಿಲಿಗೆ ಅಡ್ಡ ನಿಂತ.

"ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ," ಎಂದ. "ನಾಳೆ ಬಾ."